ಮೆದುಳಿನ ಸಂಪರ್ಕಜಾಲದ ಸಂಶೋಧಕರೊಬ್ಬರ ಪ್ರಕಟಣೆಗಳ ಪಟ್ಟಿಯನ್ನು ಓದುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪಿಎಚ್.ಡಿ.ಗೆ ಗೈಡ್ ಹುಡುಕುತ್ತಿರುವ ವಿದ್ಯಾರ್ಥಿ, ನೇಮಕಾತಿ ಸಮಿತಿಯಲ್ಲಿ ಕುಳಿತ ಪ್ರಾಧ್ಯಾಪಕರು, ವಿಜ್ಞಾನದ ಸುದ್ದಿ ಬರೆಯುವ ಪತ್ರಕರ್ತರು, ಹೀಗೆ ಹಲವರು ಒಂದಲ್ಲ ಒಂದು ದಿನ ಸಂಶೋಧಕರೊಬ್ಬರ ಪ್ರಕಟಣೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂರಬೇಕಾಗುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸ ಎಣಿಕೆ. ಎಷ್ಟು ಪೇಪರ್, ಎಷ್ಟು ಉಲ್ಲೇಖ, ಈ ಎರಡನ್ನೂ ಸೇರಿಸಿ ಅಳೆಯುವ ಎಚ್-ಇಂಡೆಕ್ಸ್ ಎಷ್ಟು ಎಂದು ನೋಡಿ ಮುಗಿಸುತ್ತಾರೆ. ಎಲ್ಲ ಕ್ಷೇತ್ರಗಳಲ್ಲೂ ಇದು ಅರೆಬರೆ ಓದೇ ಆದರೂ, ಅರಿವಿನ ನರವಿಜ್ಞಾನದಲ್ಲಿ, ಅದರಲ್ಲೂ ಮೆದುಳಿನ ಭಾಗಗಳ ನಡುವಿನ ಸಂಪರ್ಕವನ್ನು ಅಧ್ಯಯನ ಮಾಡುವವರ ವಿಷಯದಲ್ಲಿ, ಇದು ದಾರಿ ತಪ್ಪಿಸುವುದು ಹೆಚ್ಚು. ಅದಕ್ಕೆ ಎರಡು ಕಾರಣಗಳಿವೆ. ಒಂದು, ಈ ಕ್ಷೇತ್ರದಲ್ಲಿ ‘ಸಂಪರ್ಕ’ ಎಂದು ಅಳೆಯುವುದು ಒಂದೇ ಸಂಗತಿಯನ್ನಲ್ಲ, ಮೂರು ಬೇರೆ ಬೇರೆ ಸಂಗತಿಗಳನ್ನು. ಎರಡು, ಕಳೆದ ಹದಿನೈದು ವರ್ಷಗಳಲ್ಲಿ ಇಲ್ಲಿನ ವಿಧಾನಗಳೇ ಹಲವು ಬಾರಿ ಪ್ರಶ್ನೆಗೆ ಒಳಗಾಗಿವೆ. ಆದ್ದರಿಂದ ಪಟ್ಟಿಯನ್ನು ಒಬ್ಬರು ಯಾವ ಪ್ರಶ್ನೆ ಕೇಳಿದರು, ಯಾವ ದತ್ತಾಂಶದಿಂದ ಉತ್ತರ ಹುಡುಕಿದರು, ತಮ್ಮ ವಿಧಾನ ಅಲುಗಾಡಿದಾಗ ಏನು ಮಾಡಿದರು ಎಂಬುದರ ಇತಿಹಾಸವಾಗಿ ಓದಬೇಕು. ಹಾಗೆ ಓದುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಉದಾಹರಣೆಗೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಓಲಾಫ್ ಸ್ಪೋರ್ನ್ಸ್, ವಿಶ್ರಾಂತ ಸ್ಥಿತಿಯ ಎಫ್‌ಎಂಆರ್‌ಐ (ಏನೂ ಮಾಡದೆ ಮಲಗಿದವರ ಮೆದುಳಿನಲ್ಲಿ ರಕ್ತದ ಹರಿವಿನ ಏರಿಳಿತವನ್ನು ಅಳೆಯುವ ಸ್ಕ್ಯಾನ್) ಅಧ್ಯಯನಕ್ಕೆ ನಾಂದಿ ಹಾಡಿದ ಭರತ್ ಬಿಸ್ವಾಲ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀಧರನ್ ದೇವರಾಜನ್ ಅವರ ಪ್ರಕಟಿತ ಕೆಲಸಗಳನ್ನು ಬಳಸಿಕೊಂಡಿದ್ದೇನೆ.

ಹಂತ 1: ಹೆಸರು ಒಬ್ಬರದೇ ಎಂದು ಖಚಿತಪಡಿಸಿಕೊಳ್ಳಿ

ಪಬ್‌ಮೆಡ್‌ನಂತಹ ದತ್ತಸಂಚಯಗಳು ಲೇಖಕರನ್ನು ಮನೆತನದ ಹೆಸರು ಮತ್ತು ಇನಿಷಿಯಲ್‌ಗಳ ರೂಪದಲ್ಲಿ ದಾಖಲಿಸುತ್ತವೆ. ಮನೆತನದ ಹೆಸರಿರುವ ಸಮಾಜಗಳಿಗೆ ಇದು ಸರಿ. ನಮ್ಮಲ್ಲಿ ಅನೇಕರಿಗೆ ಅಂಥ ಹೆಸರೇ ಇರುವುದಿಲ್ಲ. ಇನಿಷಿಯಲ್ ಎಂದರೆ ಊರಿನ ಹೆಸರೋ ತಂದೆಯ ಹೆಸರೋ ಆಗಿರುತ್ತದೆ. ಕೆ. ಎನ್. ಕಾವ್ಯ ಎಂಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿದ್ದಾಗ ಪ್ರಕಟವಾದ ಪೇಪರಿನಲ್ಲಿ ಆಕೆ ‘ಕಾವ್ಯ ಕೆ.ಎನ್.’ ಆಗಿರುತ್ತಾಳೆ. ವಿದೇಶಕ್ಕೆ ಹೋದಾಗ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ನಾಗರಾಜ ಎಂಬುದು ಕೊನೆಯ ಹೆಸರಿನ ಜಾಗಕ್ಕೆ ಬಂದು, ಮುಂದಿನ ಪೇಪರುಗಳಲ್ಲಿ ಆಕೆ ‘ನಾಗರಾಜ ಕೆ.’ ಆಗುತ್ತಾಳೆ. ದತ್ತಸಂಚಯದ ಪಾಲಿಗೆ ಇವರು ಇಬ್ಬರು. ಇದಕ್ಕೆ ತದ್ವಿರುದ್ಧವಾಗಿ, ‘ರಾವ್ ಎಸ್.’ ಅಥವಾ ‘ಕುಮಾರ್ ಎಸ್.’ ಎಂದು ಹುಡುಕಿದರೆ ನೂರಾರು ಜನರ ಕೆಲಸ ಒಂದೇ ರಾಶಿಯಾಗಿ ಬಂದು ಬೀಳುತ್ತದೆ.

ಹೆಸರಿನ ಹಿಂದುಮುಂದು ಕೂಡ ಸಾಮಾನ್ಯ. ಶ್ರೀಧರನ್ ದೇವರಾಜನ್ ಅವರ ಪೇಪರುಗಳಲ್ಲಿ ಹೆಸರು ದೇವರಾಜನ್ ಶ್ರೀಧರನ್ ಎಂದಿರುತ್ತದೆ, ಪಬ್‌ಮೆಡ್‌ನಲ್ಲಿ ‘ಶ್ರೀಧರನ್ ಡಿ.’ ಎಂದು ಸಿಗುತ್ತದೆ. ಇದು ಗೊತ್ತಿಲ್ಲದೆ ‘ದೇವರಾಜನ್ ಎಸ್.’ ಎಂದು ಹುಡುಕಿದವರು ಬೇರೆ ಯಾರದೋ ಪಟ್ಟಿಯನ್ನು ಓದುತ್ತಿರುತ್ತಾರೆ.

ಇದಕ್ಕೆ ಮೊದಲ ಮದ್ದು ಆರ್ಕಿಡ್ ಸಂಖ್ಯೆ. 2012ರಲ್ಲಿ ಆರಂಭವಾದ ಈ ವ್ಯವಸ್ಥೆ ಪ್ರತಿ ಸಂಶೋಧಕರಿಗೂ 16 ಅಂಕಿಗಳ ಗುರುತನ್ನು ಕೊಡುತ್ತದೆ. ಆದರೆ ಅದಕ್ಕೂ ಹಿಂದಿನ ಪೇಪರುಗಳನ್ನು ಸಂಶೋಧಕರು ತಾವೇ ಸೇರಿಸಿದ್ದರೆ ಮಾತ್ರ ಅವು ಅಲ್ಲಿರುತ್ತವೆ. ಎಷ್ಟೋ ಹಿರಿಯರು ಖಾತೆ ತೆರೆದು ಹಾಗೇ ಬಿಟ್ಟಿರುತ್ತಾರೆ. ಸಂದೇಹ ಉಳಿದರೆ ಪೇಪರಿನಲ್ಲಿರುವ ಸಂಸ್ಥೆಯ ವಿಳಾಸ, ಸಹಲೇಖಕರ ಹೆಸರುಗಳು ಮತ್ತು ವಿಷಯ ಈ ಮೂರನ್ನೂ ತಾಳೆ ನೋಡಿ. ಮೂರರಲ್ಲಿ ಎರಡಾದರೂ ಹೊಂದದಿದ್ದರೆ ಆ ಪೇಪರನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಹಂತ 2: ಒಂದೇ ಮೂಲವನ್ನು ನಂಬಿ ಕೂರಬೇಡಿ

ಪಬ್‌ಮೆಡ್ ಜೀವವೈದ್ಯಕೀಯ ನಿಯತಕಾಲಿಕಗಳ ಮಟ್ಟಿಗೆ ವಿಶ್ವಾಸಾರ್ಹ. ತಿದ್ದುಪಡಿಯಾಗಲಿ ಹಿಂಪಡೆತವಾಗಲಿ (ಪ್ರಕಟವಾದ ಪೇಪರನ್ನು ವಾಪಸ್ ಪಡೆಯುವುದು) ಆಗಿದ್ದರೆ ಮೂಲ ಪೇಪರಿನ ದಾಖಲೆಯಲ್ಲೇ ಅದು ಕಾಣುವುದು ಅದರ ದೊಡ್ಡ ಉಪಕಾರ. ಆದರೆ ಕಂಪ್ಯೂಟರ್ ವಿಜ್ಞಾನದ ಸಮ್ಮೇಳನಗಳ ಪೇಪರುಗಳು, ಭೌತವಿಜ್ಞಾನದ ಹಲವು ನಿಯತಕಾಲಿಕಗಳು, ಪುಸ್ತಕಗಳು ಅದರಲ್ಲಿ ಸಿಗುವುದು ಕಡಿಮೆ. ಸಂಪರ್ಕಜಾಲದ ಸಂಶೋಧಕರು ಗಣಿತ, ಭೌತವಿಜ್ಞಾನ, ಎಂಜಿನಿಯರಿಂಗ್‌ಗಳ ನಡುವೆ ಓಡಾಡುವವರಾದ್ದರಿಂದ ಈ ಕೊರತೆ ಅವರನ್ನು ಹೆಚ್ಚು ಬಾಧಿಸುತ್ತದೆ. ಗೂಗಲ್ ಸ್ಕಾಲರ್ ಎಲ್ಲವನ್ನೂ ಬಾಚಿಕೊಳ್ಳುತ್ತದೆ: ಪ್ರೀಪ್ರಿಂಟ್ (ವಿಮರ್ಶಕರ ಪರಿಶೀಲನೆಗೆ ಮುನ್ನವೇ ಬಹಿರಂಗಪಡಿಸಿದ ಕರಡು), ಸಮ್ಮೇಳನದ ಪೋಸ್ಟರ್ ಸಾರಾಂಶ, ಪ್ರಬಂಧ, ಕೆಲವೊಮ್ಮೆ ಬೇರೆಯವರ ಪೇಪರನ್ನೂ ಸಹ. ಅದರಿಂದ ಪಟ್ಟಿ ಉದ್ದವಾಗುತ್ತದೆ, ನಿಖರವಾಗುವುದಿಲ್ಲ. ಆದ್ದರಿಂದ ಸ್ಕಾಲರ್‌ನಿಂದ ಆರಂಭಿಸಿ, ಪಬ್‌ಮೆಡ್‌ನಲ್ಲಿ ಪರಿಶೀಲಿಸಿ, ಸಂಶೋಧಕರ ಪ್ರಯೋಗಾಲಯದ ಪುಟದೊಂದಿಗೆ ಹೋಲಿಸಿ ಒಂದು ಶುದ್ಧಪಟ್ಟಿಯನ್ನು ನೀವೇ ಮಾಡಿಕೊಳ್ಳುವುದು ಉತ್ತಮ.

2013ರ ಕೊನೆಯಲ್ಲಿ ಬಯೋಆರ್ಕೈವ್ ಎಂಬ ಪ್ರೀಪ್ರಿಂಟ್ ತಾಣ ಆರಂಭವಾದ ಮೇಲೆ ಒಂದೇ ಕೆಲಸ ಮೊದಲು ಪ್ರೀಪ್ರಿಂಟ್ ಆಗಿ, ಆಮೇಲೆ ಬದಲಾದ ಶೀರ್ಷಿಕೆಯೊಂದಿಗೆ ನಿಯತಕಾಲಿಕದಲ್ಲಿ ಬರುವುದು ವಾಡಿಕೆಯಾಗಿದೆ. ಇಂಥ ಜೋಡಿಗಳನ್ನು ಒಂದಾಗಿಸಿ, ಆದರೆ ಎರಡೂ ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ. ವಿಮರ್ಶಕರ ಪ್ರಶ್ನೆಗಳ ನಂತರ ಏನು ಬದಲಾಯಿತು ಎಂಬುದು ಈ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ, ಅದು ಬೇರೆಲ್ಲೂ ಸಿಗದ ಮಾಹಿತಿ.

ಪೂರ್ಣಪಾಠ ಓದಲು ಹಣ ಕೊಡಬೇಕೆಂಬ ಭಯ ಈಗ ಮೊದಲಿನಷ್ಟು ಬೇಕಿಲ್ಲ. ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಬಹಳಷ್ಟು ಉಚಿತವಾಗಿದೆ. ಕೇಂದ್ರ ಸರ್ಕಾರದ ‘ಒಂದು ದೇಶ, ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಜಾರಿಗೆ ಬಂದಿದ್ದು, 30 ಪ್ರಕಾಶಕರ ನಿಯತಕಾಲಿಕಗಳು ಅದರ ಮೂಲಕ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಗ್ರಂಥಪಾಲಕರನ್ನು ಒಮ್ಮೆ ವಿಚಾರಿಸಬೇಕು.

ಹಂತ 3: ಪ್ರತಿ ಪೇಪರಿಗೂ ‘ಯಾವ ಸಂಪರ್ಕ?’ ಎಂದು ಕೇಳಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತಕ್ಕೆ ಸಮಯ ಕೊಡಲು ಸಾಧ್ಯವಾದರೆ ಅದು ಇದಾಗಿರಲಿ. ಸ್ಪ್ರೆಡ್‌ಶೀಟ್ ಒಂದನ್ನು ತೆರೆದು ಪ್ರತಿ ಪೇಪರಿಗೆ ಒಂದು ಸಾಲು ಕೊಡಿ. ವರ್ಷ, ಲೇಖಕರ ಸ್ಥಾನ, ಪೇಪರಿನ ಬಗೆ, ಭಾಗವಹಿಸಿದವರ ಸಂಖ್ಯೆ, ದತ್ತಾಂಶ ಮತ್ತು ಕೋಡ್ ಬಹಿರಂಗವಾಗಿವೆಯೇ ಎಂಬ ಅಂಕಣಗಳ ಜೊತೆಗೆ ‘ಸಂಪರ್ಕದ ಬಗೆ’ ಎಂಬ ಅಂಕಣ ಅತ್ಯಗತ್ಯ.

ಮೊದಲನೆಯದು ರಚನಾತ್ಮಕ ಸಂಪರ್ಕ, ಅಂದರೆ ಮೆದುಳಿನ ಎರಡು ಭಾಗಗಳ ನಡುವೆ ನರತಂತುಗಳ ಭೌತಿಕ ಹಾದಿ ಇದೆಯೇ ಎಂಬುದು. ಪ್ರಾಣಿಗಳಲ್ಲಿ ಬಣ್ಣದ ದ್ರವ್ಯಗಳನ್ನು ಚುಚ್ಚಿ ಅವು ತಂತುಗಳಲ್ಲಿ ಸಾಗುವುದನ್ನು ನೋಡಿ ಇದನ್ನು ತಿಳಿಯುತ್ತಾರೆ. ಜೀವಂತ ಮನುಷ್ಯರಲ್ಲಿ ಅದು ಸಾಧ್ಯವಿಲ್ಲದ ಕಾರಣ, ನೀರಿನ ಅಣುಗಳು ತಂತುಗಳ ಉದ್ದಕ್ಕೆ ಸುಲಭವಾಗಿಯೂ ಅಡ್ಡಕ್ಕೆ ಕಷ್ಟದಿಂದಲೂ ಸರಿಯುತ್ತವೆ ಎಂಬ ಅಂಶವನ್ನು ಡಿಫ್ಯೂಷನ್ ಎಂಆರ್‌ಐಯಲ್ಲಿ ಅಳೆದು, ಅದರಿಂದ ಹಾದಿಗಳನ್ನು ಲೆಕ್ಕಹಾಕಿ ಊಹಿಸುತ್ತಾರೆ. ಇದು ನೇರ ನೋಟವಲ್ಲ, ಲೆಕ್ಕಾಚಾರದ ಫಲ. ಮೊದಲೇ ಉತ್ತರ ಗೊತ್ತಿದ್ದ ಕೃತಕ ಮಾದರಿಯ ಮೇಲೆ 20 ಸಂಶೋಧನಾ ಗುಂಪುಗಳು ತಮ್ಮ ವಿಧಾನಗಳನ್ನು ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಪ್ರಕಟವಾಯಿತು. ಇರುವ ಹಾದಿಗಳ ಜೊತೆಗೆ ಇಲ್ಲದ ಹಾದಿಗಳನ್ನೂ ಆ ವಿಧಾನಗಳು ಧಾರಾಳವಾಗಿ ತೋರಿಸಿದ್ದವು.

ಎರಡನೆಯದು ಕಾರ್ಯಾತ್ಮಕ ಸಂಪರ್ಕ. ಎರಡು ಭಾಗಗಳ ಚಟುವಟಿಕೆ ಕಾಲದೊಡನೆ ಒಟ್ಟಿಗೇ ಏರಿಳಿಯುತ್ತದೆಯೇ ಎಂಬ ಸಂಖ್ಯಾಶಾಸ್ತ್ರೀಯ ಸಹಸಂಬಂಧವಿದು. ಎರಡರ ನಡುವೆ ನೇರ ತಂತು ಇಲ್ಲದೆಯೂ ಇದು ಕಾಣಬಹುದು. ಮೂರನೆಯ ಭಾಗವೊಂದು ಎರಡಕ್ಕೂ ಸಂಕೇತ ಕಳುಹಿಸುತ್ತಿದ್ದರೆ ಸಾಕು. ಮೂರನೆಯದು ಪರಿಣಾಮಾತ್ಮಕ ಸಂಪರ್ಕ: ಒಂದು ಭಾಗ ಇನ್ನೊಂದರ ಮೇಲೆ ಬೀರುವ, ದಿಕ್ಕುಳ್ಳ ಪ್ರಭಾವ. ಈ ಎರಡರ ನಡುವಿನ ಗೆರೆಯನ್ನು ನರಚಿತ್ರಣದಲ್ಲಿ ಸ್ಪಷ್ಟವಾಗಿ ಎಳೆದದ್ದು ಲಂಡನ್ನಿನ ಕಾರ್ಲ್ ಫ್ರಿಸ್ಟನ್ 1994ರಲ್ಲಿ ಬರೆದ ಲೇಖನ. ದಿಕ್ಕನ್ನು ಅಂದಾಜಿಸಲು ಅವರು ಮತ್ತು ಸಹೋದ್ಯೋಗಿಗಳು 2003ರಲ್ಲಿ ಡೈನಮಿಕ್ ಕಾಸಲ್ ಮಾಡೆಲಿಂಗ್ ಎಂಬ ವಿಧಾನವನ್ನು ಮುಂದಿಟ್ಟರು. ಅರ್ಥಶಾಸ್ತ್ರದಿಂದ ಬಂದ ಗ್ರೇಂಜರ್ ಕಾರಣತ್ವ ಇನ್ನೊಂದು ವಿಧಾನ; ಒಂದು ಭಾಗದ ಹಿಂದಿನ ಏರಿಳಿತಗಳಿಂದ ಇನ್ನೊಂದರ ಮುಂದಿನ ಏರಿಳಿತವನ್ನು ಊಹಿಸಬಹುದೇ ಎಂದು ಅದು ನೋಡುತ್ತದೆ.

ಸಾರಾಂಶ ಓದುವಾಗ ಈ ಮೂರರಲ್ಲಿ ಯಾವುದನ್ನು ಅಳೆದಿದ್ದಾರೆ, ಯಾವುದನ್ನು ಹೇಳಿಕೊಂಡಿದ್ದಾರೆ ಎಂದು ಬೇರೆ ಬೇರೆಯಾಗಿ ಗುರುತಿಸಿ. ಅಳೆದದ್ದು ಸಹಸಂಬಂಧವಾಗಿದ್ದು, ಚರ್ಚೆಯ ಭಾಗದಲ್ಲಿ ‘ಮೆದುಳಿನ ಹಣೆಯ ಭಾಗ ಅಮಿಗ್ಡಲಾವನ್ನು (ಭಾವನೆಗಳಿಗೆ ಸಂಬಂಧಿಸಿದ ಭಾಗ) ನಿಯಂತ್ರಿಸುತ್ತದೆ’ ಎಂಬ ಧಾಟಿ ಬಂದರೆ, ಆ ಸಾಲಿನ ಪಕ್ಕ ಗುರುತು ಹಾಕಿ. ಒಂದೆರಡು ಪೇಪರುಗಳಲ್ಲಿ ಹೀಗಾದರೆ ಅದು ಬರವಣಿಗೆಯ ಸಡಿಲ. ಇಡೀ ಪಟ್ಟಿಯಲ್ಲಿ ಹೀಗೇ ಇದ್ದರೆ ಅದು ಸಂಶೋಧಕರ ಸ್ವಭಾವವನ್ನು ಹೇಳುತ್ತದೆ.

ಹಂತ 4: ವರ್ಷಗಳ ಕ್ರಮದಲ್ಲಿ ಒಂದು ಎಳೆ ಹಿಡಿಯಿರಿ

ಪಟ್ಟಿಗಳು ಸಾಮಾನ್ಯವಾಗಿ ಹೊಸದರಿಂದ ಹಳೆಯದಕ್ಕೆ ಸಾಗುತ್ತವೆ. ನೀವು ಅದನ್ನು ತಿರುಗಿಸಿ, ಹಳೆಯದರಿಂದ ಓದಿ. ಸ್ಪೋರ್ನ್ಸ್ ಅವರ ಪಟ್ಟಿಯಲ್ಲಿ ಇದರ ಲಾಭ ಚೆನ್ನಾಗಿ ಕಾಣುತ್ತದೆ.

1994ರಲ್ಲಿ ಟೊನೋನಿ, ಸ್ಪೋರ್ನ್ಸ್, ಎಡೆಲ್ಮನ್ ಮೂವರೂ ಪಿಎನ್‌ಎಎಸ್ ಎಂಬ ನಿಯತಕಾಲಿಕದಲ್ಲಿ ಮೆದುಳಿನ ಸಂಕೀರ್ಣತೆಯನ್ನು ಅಳೆಯುವ ಗಣಿತದ ಮಾನವೊಂದನ್ನು ಪ್ರಕಟಿಸಿದರು. ಅಲ್ಲಿ ಮನುಷ್ಯರ ಮೆದುಳಿನ ಸ್ಕ್ಯಾನ್ ಇಲ್ಲ; ಇರುವುದು ಸಿದ್ಧಾಂತ ಮತ್ತು ಕಂಪ್ಯೂಟರ್ ಮಾದರಿ. 2000ದಲ್ಲಿ ಅದೇ ಮೂವರು, ಈ ಬಾರಿ ಸ್ಪೋರ್ನ್ಸ್ ಮೊದಲ ಲೇಖಕರಾಗಿ, ಅಂಗರಚನೆಯ ಸಂಪರ್ಕಕ್ಕೂ ಕಾರ್ಯಾತ್ಮಕ ಸಂಪರ್ಕಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ಗ್ರಾಫ್ ಸಿದ್ಧಾಂತದ (ಬಿಂದುಗಳು ಮತ್ತು ಅವುಗಳನ್ನು ಜೋಡಿಸುವ ಗೆರೆಗಳ ಗಣಿತ) ಮೂಲಕ ಎತ್ತಿಕೊಂಡರು. 2005ರಲ್ಲಿ ಟೊನೋನಿ ಮತ್ತು ಕಾಟರ್ ಜೊತೆ ಬರೆದ ಲೇಖನದಲ್ಲಿ ಮನುಷ್ಯನ ಮೆದುಳಿನ ಸಮಗ್ರ ಸಂಪರ್ಕನಕ್ಷೆಗೆ ‘ಕನೆಕ್ಟೋಮ್’ ಎಂಬ ಹೆಸರು ಬಂತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಪ್ಯಾಟ್ರಿಕ್ ಹಾಗ್ಮನ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಸ್ವತಂತ್ರವಾಗಿ ಅದೇ ಹೆಸರನ್ನು ಬಳಸಿದ್ದರು. 2008ರಲ್ಲಿ ಈ ಇಬ್ಬರೂ ಒಟ್ಟಾದರು. ಹಾಗ್ಮನ್ ಮೊದಲ ಲೇಖಕ, ಸ್ಪೋರ್ನ್ಸ್ ಕೊನೆಯ ಲೇಖಕ. ಐದು ಜನರ ಡಿಫ್ಯೂಷನ್ ಚಿತ್ರಗಳಿಂದ ಮೆದುಳಿನ ಹೊರಪದರದ ರಚನಾತ್ಮಕ ತಿರುಳನ್ನು ಗುರುತಿಸಿದ ಆ ಪೇಪರ್ ಪಿಎಲ್‌ಒಎಸ್ ಬಯಾಲಜಿಯಲ್ಲಿ ಬಂತು. 2009ರಲ್ಲಿ ಹನಿ ಮತ್ತು ಇತರರೊಡನೆ, ರಚನೆಯಿಂದ ವಿಶ್ರಾಂತ ಸ್ಥಿತಿಯ ಕಾರ್ಯಾತ್ಮಕ ಸಂಪರ್ಕವನ್ನು ಎಷ್ಟರಮಟ್ಟಿಗೆ ಊಹಿಸಬಹುದು ಎಂದು ಪರೀಕ್ಷಿಸಿದರು. 2011ರಲ್ಲಿ ವ್ಯಾನ್ ಡೆನ್ ಹ್ಯೂವೆಲ್ ಜೊತೆ, ಹೆಚ್ಚು ಸಂಪರ್ಕವುಳ್ಳ ಕೇಂದ್ರಗಳು ಪರಸ್ಪರ ಇನ್ನೂ ಗಾಢವಾಗಿ ಹೆಣೆದುಕೊಂಡಿರುತ್ತವೆ ಎಂದು ತೋರಿಸಿದರು. 2020ರ ಹೊತ್ತಿಗೆ ನೇಚರ್ ನ್ಯೂರೋಸೈನ್ಸ್‌ನಲ್ಲಿ, ಮೆದುಳಿನ ಭಾಗಗಳ ಬದಲು ಅವುಗಳ ನಡುವಿನ ಸಂಬಂಧಗಳನ್ನೇ ಘಟಕಗಳಾಗಿ ನೋಡುವ ವಿಧಾನದ ಪೇಪರಿನಲ್ಲಿ ಅವರ ಹೆಸರಿದೆ. ಅಲ್ಲಿ ಕೊನೆಯ ಲೇಖಕ ಅವರಲ್ಲ, ಆಗ ಅದೇ ಇಂಡಿಯಾನಾದಲ್ಲಿದ್ದ ಕಿರಿಯ ಸಹೋದ್ಯೋಗಿ ರಿಚರ್ಡ್ ಬೆಟ್ಜೆಲ್.

ಹೀಗೆ ಓದಿದಾಗ, ಎಣಿಕೆಯಲ್ಲಿ ಎಂದೂ ಕಾಣದ ಒಂದು ಸಂಗತಿ ಕಾಣುತ್ತದೆ. ಒಂದೇ ಪ್ರಶ್ನೆ, ಅಂದರೆ ರಚನೆ ಕಾರ್ಯವನ್ನು ಎಷ್ಟು ನಿರ್ಧರಿಸುತ್ತದೆ ಎಂಬುದು, ಮೊದಲು ಕಾಗದದ ಮೇಲಿನ ಗಣಿತವಾಗಿ, ಆಮೇಲೆ ಮಂಗಗಳ ಅಂಗರಚನೆಯ ದತ್ತಾಂಶದ ಮೇಲಿನ ಮಾದರಿಯಾಗಿ, ಕೊನೆಗೆ ಮನುಷ್ಯರ ಚಿತ್ರಗಳ ಮೇಲಿನ ಪರೀಕ್ಷೆಯಾಗಿ ಬೆಳೆಯುತ್ತದೆ. ಉಪಕರಣ ಬಂದಂತೆ ವಿಷಯ ಬದಲಿಸಿದವರ ಪಟ್ಟಿಗೂ, ಪ್ರಶ್ನೆಗೆ ತಕ್ಕ ಉಪಕರಣ ಬರುವವರೆಗೆ ಕಾದವರ ಪಟ್ಟಿಗೂ ಇರುವ ವ್ಯತ್ಯಾಸ ಇದೇ. ನನ್ನ ಅಭಿಪ್ರಾಯದಲ್ಲಿ ಒಬ್ಬ ಸಂಶೋಧಕರ ಬಗ್ಗೆ ಪಟ್ಟಿಯಿಂದ ತಿಳಿಯಬಹುದಾದ ಅತ್ಯಂತ ಬೆಲೆಯುಳ್ಳ ವಿಷಯವೂ ಇದೇ.

ಹಂತ 5: ಲೇಖಕರ ಸ್ಥಾನವನ್ನು ಓದಿ

ಈ ಕ್ಷೇತ್ರದಲ್ಲಿ ರೂಢಿಯಂತೆ ಕೆಲಸದ ಹೆಚ್ಚಿನ ಭಾಗ ಮಾಡಿದವರು ಮೊದಲ ಲೇಖಕರು, ಪ್ರಯೋಗಾಲಯದ ಮುಖ್ಯಸ್ಥರು ಕೊನೆಯವರು. ಮೊದಲ ಹೆಸರಿಂದ ಕೊನೆಯ ಹೆಸರಿಗೆ ಸರಿಯುವ ವರ್ಷ ಯಾವುದೆಂದು ನೋಡಿದರೆ ಸ್ವತಂತ್ರ ಪ್ರಯೋಗಾಲಯ ಯಾವಾಗ ನೆಲೆಗೊಂಡಿತೆಂದು ಅಂದಾಜಾಗುತ್ತದೆ. ನಡುವಿನ ಸ್ಥಾನಗಳ ಅರ್ಥ ಮಾತ್ರ ಹೆಸರಿನಿಂದ ತಿಳಿಯದು. ಪೇಪರಿನ ಕೊನೆಯಲ್ಲಿ ಯಾರು ಏನು ಮಾಡಿದರೆಂಬ ಹೇಳಿಕೆ ಇದ್ದರೆ ಅದನ್ನು ಓದಿ.

ದೊಡ್ಡ ಒಕ್ಕೂಟಗಳ ಪೇಪರುಗಳನ್ನು ಬೇರೆಯಾಗಿ ಲೆಕ್ಕಿಸಬೇಕು. ಎನಿಗ್ಮಾ ಎಂಬ ಜಾಗತಿಕ ಒಕ್ಕೂಟ ಹಲವು ದೇಶಗಳ ಸ್ಕ್ಯಾನ್‌ಗಳನ್ನು ಒಂದೇ ವಿಧಾನದಲ್ಲಿ ವಿಶ್ಲೇಷಿಸುತ್ತದೆ. ಅದರ ಗೀಳು ಕಾಯಿಲೆಯ ಗುಂಪಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರೂ ಇದ್ದಾರೆ. ಅಂಥ ಪೇಪರಿನಲ್ಲಿ ಹತ್ತಾರು ಹೆಸರುಗಳ ನಡುವೆ ಇರುವ ಒಬ್ಬ ವೈದ್ಯರ ಪಾಲು ಸಣ್ಣದೆಂದು ತಳ್ಳಿಹಾಕುವುದು ಅನ್ಯಾಯ. ರೋಗಿಗಳನ್ನು ಒಪ್ಪಿಸಿ, ಔಷಧ ಆರಂಭಿಸುವ ಮೊದಲೇ ಸ್ಕ್ಯಾನ್ ಮಾಡಿಸಿ, ಲಕ್ಷಣಗಳನ್ನು ಸರಿಯಾಗಿ ಅಳೆದು ದಾಖಲಿಸುವುದು ವರ್ಷಗಳ ಕೆಲಸ. ಅದಿಲ್ಲದೆ ವಿಶ್ಲೇಷಣೆಗೆ ದತ್ತಾಂಶವೇ ಇರುತ್ತಿರಲಿಲ್ಲ. ಆದರೆ ಅದನ್ನು ವಿಧಾನಗಳ ಪಾಂಡಿತ್ಯವೆಂದೂ ಓದಬಾರದು. ಎರಡೂ ಬೇರೆ ಬೇರೆ ಸಾಮರ್ಥ್ಯಗಳು.

ಹಂತ 6: ಉಲ್ಲೇಖಗಳ ಸಂಖ್ಯೆಯನ್ನು ಬಗೆಬಗೆಯಾಗಿ ಬಿಡಿಸಿ

ಎಚ್-ಇಂಡೆಕ್ಸ್ ಎಂಬ ಮಾನವನ್ನು ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದರು. ಒಬ್ಬರ ಆರು ಪೇಪರುಗಳಿಗೆ ಕ್ರಮವಾಗಿ 40, 22, 9, 5, 4, 1 ಉಲ್ಲೇಖಗಳು ಬಂದಿವೆ ಎಂದುಕೊಳ್ಳಿ. ಕನಿಷ್ಠ 4 ಉಲ್ಲೇಖಗಳಿರುವ ಪೇಪರುಗಳು 4ಕ್ಕೆ ಕಡಿಮೆಯಿಲ್ಲ, ಕನಿಷ್ಠ 5 ಉಲ್ಲೇಖಗಳಿರುವ 5 ಪೇಪರುಗಳಿಲ್ಲ. ಆದ್ದರಿಂದ ಎಚ್-ಇಂಡೆಕ್ಸ್ 4. ಮೊದಲ ಪೇಪರಿನ 40ರ ಜಾಗದಲ್ಲಿ 4,000 ಇದ್ದರೂ ಉತ್ತರ ನಾಲ್ಕೇ. ಕ್ಷೇತ್ರವನ್ನೇ ಬದಲಿಸಿದ ಒಂದು ಪೇಪರ್ ಈ ಮಾನಕ್ಕೆ ಕಾಣಿಸುವುದೇ ಇಲ್ಲ.

ಸಂಪರ್ಕಜಾಲದ ಕ್ಷೇತ್ರದಲ್ಲಿ ಹೆಚ್ಚು ಉಲ್ಲೇಖ ಪಡೆಯುವುದು ವಿಮರ್ಶಾ ಲೇಖನಗಳು (ಅದುವರೆಗಿನ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸುವಂಥವು) ಮತ್ತು ಸಾಫ್ಟ್‌ವೇರ್‌ಗೆ ಜೊತೆಯಾದ ಪೇಪರುಗಳು. ಬುಲ್ಮೋರ್ ಮತ್ತು ಸ್ಪೋರ್ನ್ಸ್ 2009ರಲ್ಲಿ ಬರೆದ ವಿಮರ್ಶೆ, ರುಬಿನೋವ್ ಮತ್ತು ಸ್ಪೋರ್ನ್ಸ್ 2010ರಲ್ಲಿ ಬ್ರೈನ್ ಕನೆಕ್ಟಿವಿಟಿ ಟೂಲ್‌ಬಾಕ್ಸ್ ಜೊತೆಗೆ ಪ್ರಕಟಿಸಿದ ಪೇಪರ್ ಇವೆರಡೂ ಈ ಮಾತಿಗೆ ಸಾಕ್ಷಿ. ಆ ಟೂಲ್‌ಬಾಕ್ಸ್ ಬಳಸಿದವರೆಲ್ಲ ಅದನ್ನು ಉಲ್ಲೇಖಿಸಲೇಬೇಕು. ಇಂಥ ಉಲ್ಲೇಖಗಳು ಕೀಳಲ್ಲ. ಉಚಿತವಾಗಿ ಕೊಟ್ಟ ಉಪಕರಣವೊಂದು ಸಾವಿರಾರು ಜನರ ಕೆಲಸವನ್ನು ಸಾಧ್ಯವಾಗಿಸಿದ್ದರೆ ಅದು ದೊಡ್ಡ ಕೊಡುಗೆಯೇ. ಆದರೆ ಅದು ಹೊಸ ಆವಿಷ್ಕಾರದ ಮನ್ನಣೆಗಿಂತ ಬೇರೆ ಬಗೆಯದು. ನಿಮ್ಮ ಪಟ್ಟಿಯಲ್ಲಿ ಮೂಲ ಸಂಶೋಧನೆ, ವಿಮರ್ಶೆ, ವಿಧಾನ, ದತ್ತಾಂಶ ಎಂದು ಬೇರ್ಪಡಿಸಿ, ಪ್ರತಿಯೊಂದರ ಉಲ್ಲೇಖವನ್ನು ಬೇರೆ ಬೇರೆಯಾಗಿ ನೋಡಿ.

ಹಂತ 7: ಕ್ಷೇತ್ರ ಅಲುಗಾಡಿದ ವರ್ಷಗಳಲ್ಲಿ ಏನಾಯಿತು ಎಂದು ನೋಡಿ

ನಿಮ್ಮ ಸ್ಪ್ರೆಡ್‌ಶೀಟಿನಲ್ಲಿ 2012, 2016, 2022ರ ಬಳಿ ಅಡ್ಡಗೆರೆ ಎಳೆಯಿರಿ.

2012ರಲ್ಲಿ ಮೂರು ಬೇರೆ ಬೇರೆ ಗುಂಪುಗಳು, ಸ್ಕ್ಯಾನರಿನೊಳಗೆ ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ಕಾರ್ಯಾತ್ಮಕ ಸಂಪರ್ಕದ ಅಳತೆ ವ್ಯವಸ್ಥಿತವಾಗಿ ಕೆಡುತ್ತದೆ ಎಂದು ತೋರಿಸಿದವು. ಅಲುಗಾಟದಿಂದ ಹತ್ತಿರದ ಭಾಗಗಳ ಸಂಬಂಧ ಇರುವುದಕ್ಕಿಂತ ಬಲವಾಗಿಯೂ, ದೂರದ ಭಾಗಗಳ ಸಂಬಂಧ ಇರುವುದಕ್ಕಿಂತ ದುರ್ಬಲವಾಗಿಯೂ ಕಾಣುತ್ತದೆ. ಮಕ್ಕಳು ದೊಡ್ಡವರಿಗಿಂತ ಹೆಚ್ಚು ಅಲುಗಾಡುತ್ತಾರೆ. ಬೆಳೆಯುತ್ತಾ ಹೋದಂತೆ ಹತ್ತಿರದ ಸಂಪರ್ಕ ಕುಗ್ಗಿ ದೂರದ ಸಂಪರ್ಕ ಬಲಗೊಳ್ಳುತ್ತದೆ ಎಂದು ಅದುವರೆಗೆ ಬರೆದಿದ್ದುದರಲ್ಲಿ ಒಂದು ಪಾಲು ಈ ಅಲುಗಾಟದ ನೆರಳಾಗಿತ್ತು. ಆ ವಿಷಯವನ್ನು ಬಲವಾಗಿ ಎತ್ತಿದ ಗುಂಪುಗಳಲ್ಲಿ ಒಂದಾದ ಸೇಂಟ್ ಲೂಯಿಸ್‌ನ ಜೊನಾಥನ್ ಪವರ್ ಮತ್ತು ಸಂಗಡಿಗರು, ತಮ್ಮದೇ ಗುಂಪಿನ ಹಿಂದಿನ ಫಲಿತಾಂಶಗಳನ್ನೂ ಈ ಪರೀಕ್ಷೆಗೆ ಒಡ್ಡಿದರು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ. ನೀವು ಓದುತ್ತಿರುವ ಸಂಶೋಧಕರು ಮಕ್ಕಳು, ವೃದ್ಧರು ಅಥವಾ ರೋಗಿಗಳ ಮೇಲೆ ಕೆಲಸ ಮಾಡಿದ್ದರೆ, 2012ರ ನಂತರದ ಪೇಪರುಗಳ ವಿಧಾನದ ಭಾಗದಲ್ಲಿ ತಲೆಯ ಅಲುಗಾಟವನ್ನು ಎರಡು ಗುಂಪುಗಳ ನಡುವೆ ಹೋಲಿಸಿದ್ದಾರೆಯೇ ಎಂದು ಹುಡುಕಿ. ಎರಡು ನಿಮಿಷದ ಕೆಲಸ, ಆದರೆ ಎಚ್-ಇಂಡೆಕ್ಸ್‌ಗಿಂತ ಹೆಚ್ಚು ಹೇಳುತ್ತದೆ.

2016ರಲ್ಲಿ ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಸಹೋದ್ಯೋಗಿಗಳು, ಬಳಕೆಯಲ್ಲಿದ್ದ ಪ್ರಮುಖ ಎಫ್‌ಎಂಆರ್‌ಐ ಸಾಫ್ಟ್‌ವೇರ್‌ಗಳಲ್ಲಿ, ಒಟ್ಟಿಗೆ ಸಕ್ರಿಯವಾದ ಅಕ್ಕಪಕ್ಕದ ಬಿಂದುಗಳ ಗೊಂಚಲುಗಳನ್ನು ಗುರುತಿಸುವ ಸಂಖ್ಯಾಶಾಸ್ತ್ರೀಯ ವಿಧಾನ 5 ಶೇಕಡಾ ಇರಬೇಕಾದ ಸುಳ್ಳು ಫಲಿತಾಂಶಗಳನ್ನು ಕೆಲವು ಸಂದರ್ಭಗಳಲ್ಲಿ 70 ಶೇಕಡಾದವರೆಗೆ ಕೊಡುತ್ತದೆಂದು ವರದಿ ಮಾಡಿದರು. 2022ರಲ್ಲಿ ಸ್ಕಾಟ್ ಮಾರೆಕ್ ಮತ್ತಿತರರು ಸುಮಾರು 50,000 ಜನರ ದತ್ತಾಂಶವನ್ನು ಬಳಸಿ, ಮೆದುಳಿನ ಅಳತೆಗೂ ವ್ಯಕ್ತಿಗಳ ನಡುವಿನ ವರ್ತನೆಯ ವ್ಯತ್ಯಾಸಕ್ಕೂ ಇರುವ ಸಂಬಂಧವನ್ನು ನಂಬಿಕೆಯಿಂದ ಹೇಳಲು ಸಾವಿರಾರು ಜನ ಬೇಕಾಗುತ್ತಾರೆ ಎಂದು ನೇಚರ್‌ನಲ್ಲಿ ಬರೆದರು. ಇದನ್ನು ತಪ್ಪಾಗಿ ಅನ್ವಯಿಸಬಾರದು. 25 ಜನರಿರುವ ಪೇಪರ್ ಎಂದಾಕ್ಷಣ ಕಸವಲ್ಲ. ಒಬ್ಬೊಬ್ಬರನ್ನೂ ಗಂಟೆಗಟ್ಟಲೆ ಸ್ಕ್ಯಾನ್ ಮಾಡಿ ಅವರೊಳಗಿನ ಬದಲಾವಣೆಯನ್ನು ನೋಡುವ ಅಧ್ಯಯನಕ್ಕೆ ಕೆಲವೇ ಜನ ಸಾಕಾಗಬಹುದು. ಆದರೆ 25 ಜನರಲ್ಲಿ ಬುದ್ಧಿಮತ್ತೆಯ ಅಂಕಕ್ಕೂ ಒಂದು ಸಂಪರ್ಕದ ಬಲಕ್ಕೂ ನಂಟು ಹುಡುಕಿದ ಪೇಪರನ್ನು ಎಚ್ಚರದಿಂದ ಓದಬೇಕು.

ವಿಧಾನದ ಪ್ರಶ್ನೆಗೆ ಸಂಶೋಧಕರು ಸ್ಪಂದಿಸುವ ರೀತಿಗೆ ಬೆಂಗಳೂರಿನಿಂದಲೇ ಒಂದು ನಿದರ್ಶನವಿದೆ. ಶ್ರೀಧರನ್ ಅವರು 2008ರಲ್ಲಿ ಲೆವಿಟಿನ್ ಮತ್ತು ವಿನೋದ್ ಮೆನನ್ ಜೊತೆ ಪಿಎನ್‌ಎಎಸ್‌ನಲ್ಲಿ ಪ್ರಕಟಿಸಿದ ಪೇಪರ್, ಬಲಭಾಗದ ಮುಂಭಾಗದ ಇನ್ಸುಲಾ ಪ್ರದೇಶ ಮೆದುಳಿನ ಎರಡು ದೊಡ್ಡ ಜಾಲಗಳ ನಡುವೆ ಬದಲಾವಣೆ ತರುವಲ್ಲಿ ಮುಖ್ಯ ಪಾತ್ರ ವಹಿಸುತ್ತದೆ ಎಂದು ಗ್ರೇಂಜರ್ ಕಾರಣತ್ವದ ನೆರವಿನಿಂದ ವಾದಿಸಿತ್ತು. ಎಫ್‌ಎಂಆರ್‌ಐ ಅಳೆಯುವುದು ರಕ್ತದ ಹರಿವಿನ ನಿಧಾನ ಪ್ರತಿಕ್ರಿಯೆಯನ್ನು. ಆ ಪ್ರತಿಕ್ರಿಯೆಯ ವೇಗ ಮೆದುಳಿನ ಭಾಗದಿಂದ ಭಾಗಕ್ಕೆ ಬೇರೆ ಇರುವುದರಿಂದ, ಯಾವುದು ಮೊದಲು ಯಾವುದು ನಂತರ ಎಂಬ ತೀರ್ಮಾನ ತಪ್ಪಬಹುದೆಂಬ ಟೀಕೆ ಈ ವಿಧಾನದ ಮೇಲೆ ಬಲವಾಗಿ ಬಂತು. 2011ರಲ್ಲಿ ಆಕ್ಸ್‌ಫರ್ಡ್‌ನ ಸ್ಟೀಫನ್ ಸ್ಮಿತ್ ಮತ್ತಿತರರು ಕೃತಕ ದತ್ತಾಂಶದ ಮೇಲೆ ನಡೆಸಿದ ಹೋಲಿಕೆಯಲ್ಲಿ ಕಾಲದ ಹಿಂದುಮುಂದನ್ನು ಆಧರಿಸಿದ ವಿಧಾನಗಳು ಕಳಪೆಯಾಗಿ ನಡೆದವು. 2020ರಲ್ಲಿ ಶ್ರೀಧರನ್ ಅವರ ಗುಂಪು ಇ-ನ್ಯೂರೋ ನಿಯತಕಾಲಿಕದಲ್ಲಿ, ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್ ಎಂಬ ಮೆದುಳಿನ ಸಂಪರ್ಕನಕ್ಷೆಯ ಯೋಜನೆಯ ದೊಡ್ಡ ದತ್ತಾಂಶದ ಮೇಲೆ ಅದೇ ಬಗೆಯ ವಿಧಾನದಿಂದ ಪಡೆದ ದಿಕ್ಕುಳ್ಳ ಜಾಲಗಳು, ವ್ಯಕ್ತಿ ಯಾವ ಕೆಲಸದಲ್ಲಿ ತೊಡಗಿದ್ದಾನೆಂದು ಗುರುತಿಸಲು ನೆರವಾಗುತ್ತವೆಯೇ ಎಂದು ಪರೀಕ್ಷಿಸಿತು. ವಿವಾದದಲ್ಲಿರುವ ವಿಧಾನವೊಂದರಿಂದ ಏನನ್ನು ಹೇಳಬಹುದು ಎಂಬುದನ್ನು ಹೀಗೆ ಅಳೆದು ನೋಡುವ ಪೇಪರ್ ಪಟ್ಟಿಯಲ್ಲಿ ಸಿಕ್ಕರೆ ಅದನ್ನು ಪೂರ್ತಿಯಾಗಿ ಓದಿ.

ಹಂತ 8: ಒಂದು ಪೇಪರನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಿ

ಬಿಸ್ವಾಲ್ ಅವರ 1995ರ ಪೇಪರ್ ಇದಕ್ಕೆ ಒಳ್ಳೆಯ ಅಭ್ಯಾಸ. ಮ್ಯಾಗ್ನೆಟಿಕ್ ರೆಸೊನೆನ್ಸ್ ಇನ್ ಮೆಡಿಸಿನ್‌ನ 537ರಿಂದ 541ನೇ ಪುಟದವರೆಗೆ, ಐದೇ ಪುಟ. ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನಲ್ಲಿ ಆಗಿನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅವರು, ಮೊದಲು ಬೆರಳು ಬಡಿಯುವ ಕೆಲಸ ಕೊಟ್ಟು ಚಲನೆಗೆ ಸಂಬಂಧಿಸಿದ ಪ್ರದೇಶವನ್ನು ಗುರುತಿಸಿದರು. ಅನಂತರ ಏನೂ ಮಾಡದೆ ಸುಮ್ಮನೆ ಮಲಗಿದ್ದಾಗಿನ ಚಿತ್ರಗಳಲ್ಲಿ ಆ ಪ್ರದೇಶದ ನಿಧಾನಗತಿಯ ಏರಿಳಿತಗಳನ್ನು, ಅಂದರೆ ಸೆಕೆಂಡಿಗೆ 0.1 ಆವರ್ತನಕ್ಕಿಂತ ಕಡಿಮೆಯವನ್ನು, ಉಳಿದ ಭಾಗಗಳೊಡನೆ ಹೋಲಿಸಿದರು. ಮೆದುಳಿನ ಎದುರು ಪಾರ್ಶ್ವದ ಚಲನಾ ಪ್ರದೇಶ ಅದಕ್ಕೆ ಹೊಂದಿಕೊಂಡೇ ಏರಿಳಿಯುತ್ತಿತ್ತು. ಅಲ್ಲಿಯವರೆಗೆ ಇಂಥ ಏರಿಳಿತಗಳನ್ನು ಗದ್ದಲವೆಂದು ಸೋಸಿ ತೆಗೆಯುತ್ತಿದ್ದರು, ಪೇಪರ್ ಬಂದ ಮೇಲೂ ಅನೇಕರು ಅದನ್ನು ಹೃದಯಬಡಿತ ಮತ್ತು ಉಸಿರಾಟದ ಪರಿಣಾಮವೆಂದೇ ಭಾವಿಸಿದ್ದರು. 2001ರಲ್ಲಿ ಮಾರ್ಕಸ್ ರೈಕಲ್ ಮತ್ತಿತರರು ವಿಶ್ರಾಂತಿಯಲ್ಲಿ ಹೆಚ್ಚು ಚಟುವಟಿಕೆಯಿಂದಿರುವ ಪ್ರದೇಶಗಳ ಬಗ್ಗೆ ಬರೆದರು. 2003ರಲ್ಲಿ ಗ್ರೇಶಿಯಸ್ ಮತ್ತು ಸಹೋದ್ಯೋಗಿಗಳು ಆ ಪ್ರದೇಶಗಳು ಒಂದು ಜಾಲವೆಂದು ಸಂಪರ್ಕದ ವಿಶ್ಲೇಷಣೆಯಿಂದ ತೋರಿಸಿದರು. ಆ ಬಳಿಕ ಐದು ಪುಟಗಳ ಆ ಪೇಪರಿಗೆ ಉಲ್ಲೇಖಗಳ ಮಳೆ ಸುರಿಯಿತು.

ಅದೇ ಬಿಸ್ವಾಲ್ ಅವರ ಹೆಸರು 2010ರಲ್ಲಿ ಪಿಎನ್‌ಎಎಸ್‌ನ ಇನ್ನೊಂದು ಪೇಪರಿನ ಮೊದಲಲ್ಲಿದೆ: 35 ಕೇಂದ್ರಗಳಿಂದ 1,414 ಸ್ವಯಂಸೇವಕರ ವಿಶ್ರಾಂತ ಸ್ಥಿತಿಯ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ, ಯಾರು ಬೇಕಾದರೂ ಬಳಸುವಂತೆ ತೆರೆದಿಟ್ಟ ಕೆಲಸವದು. ಈ ಎರಡು ಪೇಪರುಗಳ ವಿಧಾನದ ಭಾಗಗಳನ್ನು ಒಟ್ಟಿಗೆ ಓದಿದರೆ, ಒಂದು ವೀಕ್ಷಣೆ ಹದಿನೈದು ವರ್ಷಗಳಲ್ಲಿ ಇಡೀ ಸಮುದಾಯದ ಸಾಮಗ್ರಿಯಾದ ಬಗೆ ತಿಳಿಯುತ್ತದೆ.

ಹಂತ 9: ನಿಯತಕಾಲಿಕ, ತಿದ್ದುಪಡಿ, ಹಿಂಪಡೆತ

ನಿಯತಕಾಲಿಕದ ಹೆಸರು ನೋಡಿ ಬೆಲೆ ಕಟ್ಟುವ ಅಭ್ಯಾಸ ಈ ಕ್ಷೇತ್ರದಲ್ಲಿ ಈಗ ಇನ್ನಷ್ಟು ಅಪಾಯಕಾರಿ. 2023ರ ಏಪ್ರಿಲ್‌ನಲ್ಲಿ ನ್ಯೂರೋಇಮೇಜ್ ಎಂಬ ಪ್ರತಿಷ್ಠಿತ ನಿಯತಕಾಲಿಕದ 40ಕ್ಕೂ ಹೆಚ್ಚು ಸಂಪಾದಕರು, ಒಂದು ಲೇಖನಕ್ಕೆ 3,450 ಡಾಲರ್ ಶುಲ್ಕವನ್ನು ಪ್ರಕಾಶಕರು ಇಳಿಸಲು ಒಪ್ಪದ ಕಾರಣ ಒಟ್ಟಾಗಿ ರಾಜೀನಾಮೆ ಕೊಟ್ಟು, ಎಂಐಟಿ ಪ್ರೆಸ್‌ನ ಮೂಲಕ ಇಮೇಜಿಂಗ್ ನ್ಯೂರೋಸೈನ್ಸ್ ಆರಂಭಿಸಿದರು. ಅಂದಿನಿಂದ ಒಬ್ಬರ ಪಟ್ಟಿಯಲ್ಲಿ ಹಳೆಯ ನಿಯತಕಾಲಿಕದ ಹೆಸರು ಕಣ್ಮರೆಯಾಗಿ ಹೊಸ, ಇನ್ನೂ ಅಷ್ಟು ಪ್ರಸಿದ್ಧವಲ್ಲದ ಹೆಸರು ಬಂದಿದ್ದರೆ ಅದು ಗುಣಮಟ್ಟದ ಇಳಿಕೆ ಅಲ್ಲದಿರಬಹುದು, ನಿಲುವಿನ ಗುರುತಾಗಿರಬಹುದು.

ತಿದ್ದುಪಡಿಗಳನ್ನು ಪಬ್‌ಮೆಡ್‌ನಲ್ಲೂ, ಹಿಂಪಡೆತಗಳನ್ನು 2023ರಲ್ಲಿ ಕ್ರಾಸ್‌ರೆಫ್ ಸಂಸ್ಥೆ ಪಡೆದುಕೊಂಡು ಎಲ್ಲರಿಗೂ ತೆರೆದಿಟ್ಟ ರಿಟ್ರಾಕ್ಷನ್ ವಾಚ್ ದತ್ತಸಂಚಯದಲ್ಲೂ, ಓದುಗರ ಆಕ್ಷೇಪಗಳನ್ನು ಪಬ್‌ಪಿಯರ್‌ನಲ್ಲೂ ಹುಡುಕಿ. ತಿದ್ದುಪಡಿ ಇದೆಯೆಂಬುದೇ ಕಳಂಕವಲ್ಲ. ಎಕ್ಲುಂಡ್ ಅವರ 2016ರ ಪೇಪರಿನಲ್ಲೇ ಸುಮಾರು 40,000 ಎಫ್‌ಎಂಆರ್‌ಐ ಅಧ್ಯಯನಗಳ ಸಿಂಧುತ್ವ ಪ್ರಶ್ನಾರ್ಹ ಎಂಬ ಸಾಲಿತ್ತು; ಆ ಸಂಖ್ಯೆ ಅತಿಯಾಯಿತೆಂದು ಲೇಖಕರೇ ಒಪ್ಪಿ ಬದಲಿಸಿದರು. ಹಿಂಪಡೆತ ಇದ್ದರೆ ಕಾರಣವನ್ನು ಓದಿ. ತಮ್ಮ ಕೋಡ್‌ನಲ್ಲಿ ದೋಷ ಕಂಡು ಲೇಖಕರೇ ಹಿಂಪಡೆದದ್ದಕ್ಕೂ, ದತ್ತಾಂಶದ ಕುರಿತ ತನಿಖೆಯ ನಂತರ ಹಿಂಪಡೆಯಲಾದದ್ದಕ್ಕೂ ಅಜಗಜಾಂತರ.

ಹಂತ 10: ಗೈಡ್ ಹುಡುಕುವವರಿಗಾಗಿ

ನೀವು ಆ ಪ್ರಯೋಗಾಲಯ ಸೇರಲು ಯೋಚಿಸುತ್ತಿದ್ದರೆ, ಶುದ್ಧಪಟ್ಟಿಯಿಂದ ಕಳೆದ ಕೆಲವು ವರ್ಷಗಳ ಮೊದಲ ಲೇಖಕರ ಹೆಸರುಗಳನ್ನು ತೆಗೆದು ಪ್ರತಿಯೊಬ್ಬರನ್ನೂ ಬೇರೆಯಾಗಿ ಹುಡುಕಿ. ಅವರು ಯಾವಾಗ ಸೇರಿದರು, ಮೊದಲ ಪೇಪರ್ ಯಾವಾಗ ಬಂತು, ಒಬ್ಬರೇ ಪದೇ ಪದೇ ಮೊದಲ ಲೇಖಕರಾಗಿದ್ದಾರೆಯೇ ಅಥವಾ ಅವಕಾಶ ಹಲವರಿಗೆ ಹಂಚಿಕೆಯಾಗಿದೆಯೇ, ಹೊರಗೆ ಹೋದ ಮೇಲೂ ಕೆಲಸ ಮುಂದುವರಿಸಿದ್ದಾರೆಯೇ ಎಂದು ನೋಡಿ. ಹೆಸರೊಂದು ಒಂದೇ ಪೇಪರಿನ ನಡುವಿನಲ್ಲಿ ಕಾಣಿಸಿಕೊಂಡು ಮತ್ತೆ ಸಿಗದಿದ್ದರೆ ಅದಕ್ಕೆ ನೂರು ಕಾರಣಗಳಿರಬಹುದು. ಅಂಥ ಹೆಸರುಗಳು ಹಲವಿದ್ದರೆ, ಸೇರುವ ಮೊದಲು ಆ ಪ್ರಯೋಗಾಲಯದ ಹಿಂದಿನ ವಿದ್ಯಾರ್ಥಿಗಳಲ್ಲಿ ಇಬ್ಬರನ್ನಾದರೂ ಮಾತನಾಡಿಸಿ.

ಸಂಶೋಧಕರಿಗೆ ಪತ್ರ ಬರೆಯುವಾಗ ಈ ಓದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ‘ತಮ್ಮ ಕೆಲಸದಿಂದ ಪ್ರಭಾವಿತನಾಗಿದ್ದೇನೆ’ ಎಂದು ಬರೆಯುವ ಬದಲು, ಒಂದು ಪೇಪರನ್ನು ವರ್ಷದೊಂದಿಗೆ ಹೆಸರಿಸಿ, ಅದರ ಒಂದು ಚಿತ್ರ ಅಥವಾ ಕೋಷ್ಟಕದ ಬಗ್ಗೆ ಪ್ರಶ್ನೆ ಕೇಳಿ. ಗುಂಪುಗಳ ನಡುವಿನ ಅಲುಗಾಟವನ್ನು ಹೇಗೆ ಸರಿಪಡಿಸಿದಿರಿ, ಇದೇ ಫಲಿತಾಂಶವನ್ನು ಬೇರೆ ದತ್ತಾಂಶದ ಮೇಲೆ ನೋಡಿದ್ದೀರಾ, ಕೋಡ್ ಸಿಗುತ್ತದೆಯೇ ಎಂಬಂಥ ಪ್ರಶ್ನೆಗಳು ಸಾಕು. ದತ್ತಾಂಶ ಓಪನ್‌ನ್ಯೂರೋದಂತಹ ತಾಣದಲ್ಲಿ ಬಹಿರಂಗವಾಗಿದ್ದರೆ, ಪತ್ರ ಬರೆಯುವ ಮೊದಲೇ ಅದರಲ್ಲಿ ಒಬ್ಬ ವ್ಯಕ್ತಿಯ ಸ್ಕ್ಯಾನನ್ನಾದರೂ ಇಳಿಸಿಕೊಂಡು ತೆರೆದು ನೋಡಿ, ಕಂಡದ್ದನ್ನು ಪತ್ರದ ಎರಡನೆಯ ಪ್ಯಾರಾದಲ್ಲಿ ಬರೆಯಿರಿ.